ತೊಟ್ಟು ಕಳಚಿದ ಹಣ್ಣು

ಹದಿನಾರನೇ ಹಣ್ಣಿಗೂ ತೊಟ್ಟು ಇರಲಿಲ್ಲ.

ಗುಮಾಸ್ತರು ಅದನ್ನು ಬುಟ್ಟಿಯಿಂದೆತ್ತಿ, ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿ, ಹಲಗೆಯ ಮೇಲಿದ್ದ ಹದಿನೈದರ ಸಾಲಿಗೆ ಇಟ್ಟರು. ಆರು ದಿನಕ್ಕೇ ಸೇಬುಗಳು ತೊಟ್ಟಿನ ಗುಳಿಯಿಂದ ಕಂದತೊಡಗಿದ್ದವು. ಶೆಡ್ಡಿನ ತುಂಬ ಹುಳಿ ವಾಸನೆ. ಬೇರೆ ಯಾರಾದರೂ ಆಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಗುಮಾಸ್ತರಿಗೆ ಕಳೆದ ಶನಿವಾರದಿಂದ ವಾಸನೆಯೂ ಇಲ್ಲ, ರುಚಿಯೂ ಇಲ್ಲ, ಅಳುವೂ ಇಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ವಕೀಲರು ಏಣಿಯ ಬುಡದಲ್ಲಿ ಸತ್ತು ಬಿದ್ದಿದ್ದಾಗ ಈ ಬುಟ್ಟಿ ಅವರ ತಲೆಯ ಪಕ್ಕದಲ್ಲಿತ್ತು.

ಊರಿನಲ್ಲಿ ಬೋರ್ಡು ಹಾಕಿಕೊಂಡ ವಕೀಲರು ಹನ್ನೆರಡು ಮಂದಿ ಇದ್ದರು. ಆದರೂ "ವಕೀಲರ ಮನೆ ಎಲ್ಲಿ?" ಎಂದು ಕೇಳಿದರೆ ಜನ ಕೈ ತೋರಿಸುತ್ತಿದ್ದುದು ಇವರ ಮನೆಗೇ. ಎರಡು ಸಲ ಶಾಸಕರಾಗಿದ್ದರು, ಮೂರನೇ ಚುನಾವಣೆಗೆ ನಾಲ್ಕು ತಿಂಗಳಿತ್ತು. ಕೋರ್ಟಿನಲ್ಲಿ ಬೇಲಿ ಜಗಳ, ಸದನದಲ್ಲಿ ನೀರಿನ ಜಗಳ, ಇವೆರಡೂ ಶುರುವಾಗುವ ಮುಂಚೆ ಬೆಳಗಿನ ಎರಡು ತಾಸು ಈ ಇಳಿಜಾರಿನ ತೋಟ. ಅಧಿವೇಶನಕ್ಕೆ ಹೋಗುವಾಗ ಎರಡು ಪೆಟ್ಟಿಗೆ ಸೇಬು ಒಯ್ದು, ಒಂದನ್ನು ವಿರೋಧ ಪಕ್ಷದವರ ಮುಂದಿಟ್ಟು, "ತಿನ್ನೋಕೆ ಕೊಟ್ಟಿದ್ದು, ಎಸೆಯೋಕಲ್ಲ" ಅನ್ನುತ್ತಿದ್ದರು.

ಆ ಮನುಷ್ಯ ತೊಟ್ಟಿಲ್ಲದೆ ಹಣ್ಣು ಕಿತ್ತವರೇ ಅಲ್ಲ. ಸೇಬನ್ನು ಅಂಗೈಯಲ್ಲಿ ಕೂರಿಸಿ, ಹೆಬ್ಬೆರಳನ್ನು ತೊಟ್ಟಿಗೆ ಕೊಟ್ಟು, ಮೇಲಕ್ಕೆತ್ತಿ ಒಂದು ತಿರುವು ತಿರುವಿದರೆ ಹಣ್ಣು ತಾನಾಗಿ ಕೈಗೆ ಬರುತ್ತದೆ. ಎಳೆದು ಕಿತ್ತರೆ ತೊಟ್ಟು ಮರದಲ್ಲೇ ಉಳಿದು, ಗುಳಿಗೆ ಗಾಯವಾಗಿ, ವಾರದೊಳಗೆ ಕೊಳೆಯುತ್ತದೆ. ಹೊಸ ಆಳುಗಳಿಗೆ ವಕೀಲರು ಮೊದಲ ದಿನ ಕಲಿಸುತ್ತಿದ್ದುದು ಇದೊಂದನ್ನೇ.

ಇದನ್ನೇ ಗುಮಾಸ್ತರು ಇನ್‌ಸ್ಪೆಕ್ಟರಿಗೆ ಹೇಳಿದ್ದರು. ಈ ಹಣ್ಣು ಅವರು ಕಿತ್ತದ್ದಲ್ಲ, ಯಾರೋ ಕಿತ್ತು ತೋರಿಕೆಗೆ ಇಟ್ಟಿದ್ದಾರೆ ಎಂದು. ಅಪಘಾತ ಎಂದು ಮುಚ್ಚಬೇಕಿದ್ದ ಕಡತ ಆ ಒಂದು ಮಾತಿಗೆ ಕೊಲೆಯ ಕಡತವಾಯಿತು. ಕೊಲೆ ಎಂದ ಮೇಲೆ ಕೊಲೆಗಾರ ಬೇಕಲ್ಲ? ಆ ಹೊತ್ತಿಗೆ ತೋಟದಲ್ಲಿ ಕಂಡವನು ಆಳುಗಳ ಮೇಸ್ತ್ರಿ ಒಬ್ಬನೇ. ಹಿಂದಿನ ವಾರ ಅವನೂ ವಕೀಲರೂ ಕೂಗಾಡಿದ್ದನ್ನು ನಾಲ್ಕು ಜನ ಕೇಳಿದ್ದರು. ಜಗಳ ಯಾತಕ್ಕೆ ಎಂದು ಕೇಳಿದರೆ ಅವನು ತುಟಿ ಪಿಟಕ್ಕೆನ್ನಲಿಲ್ಲ.

ಇಪ್ಪತ್ತು ವರ್ಷದಿಂದ ಅದೇ ತಿರುವು ತಿರುವಿದ ಮೇಸ್ತ್ರಿ ತಾನೇ ಹೀಗೆ ಹೇಗೆ ಕೀಳುತ್ತಾನೆ ಎಂದು ಗುಮಾಸ್ತರು ಮತ್ತೆ ಸ್ಟೇಷನ್ನಿಗೆ ಓಡಿದ್ದರು. ಅನುಮಾನ ಬೇರೆಯವರ ಮೇಲೆ ಬರಲಿ ಎಂದೇ ಹಾಗೆ ಕಿತ್ತಿದ್ದಾನೆ ಎಂದು ಇನ್‌ಸ್ಪೆಕ್ಟರ್ ಉತ್ತರಿಸಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವತ್ತು ಮಧ್ಯಾಹ್ನ ಮೂರಕ್ಕೆ ಮೇಸ್ತ್ರಿಯನ್ನು ಕೋರ್ಟಿಗೆ ಒಯ್ಯುತ್ತಾರೆ, ಅಲ್ಲಿಂದ ಜೈಲಿಗೆ. ಅವನನ್ನು ಅಲ್ಲಿಗೆ ಕಳಿಸುತ್ತಿರುವುದು ತನ್ನ ನಾಲಿಗೆ ಎಂಬುದು ಗುಮಾಸ್ತರಿಗೆ ಗೊತ್ತಿತ್ತು.

ಪೊಲೀಸರು ಫೋಟೋ ತೆಗೆದು ಬಿಟ್ಟುಹೋಗಿದ್ದ ಹಣ್ಣುಗಳನ್ನು ಮತ್ತೆ ಬುಟ್ಟಿಗೆ ತುಂಬಿ, ಬಾಯಿಗೆ ಬಟ್ಟೆ ಮುಚ್ಚಿ, ದಾರ ಸುತ್ತಿ ಗಂಟು ಹಾಕಿದರು. ಕೈಗೆ ಬೇರೆ ಕೆಲಸ ತೋಚಲಿಲ್ಲ. ಮೂವತ್ತೊಂದು ವರ್ಷದಿಂದ ಕಡತ ಕಟ್ಟುತ್ತಿದ್ದ ಅವರದೇ ಗಂಟು ಅದು. ಒಂದು ಕುಣಿಕೆ ಮಾಡಿ, ಬಾಲವನ್ನು ಎರಡು ಸಲ ಕೆಳಗಿನಿಂದ ತೂರಿಸಿ, ಚಪ್ಪಟೆಯಾಗಿ ಒತ್ತಬೇಕು. ತಾನಾಗಿ ಬಿಚ್ಚುವುದಿಲ್ಲ, ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚುತ್ತದೆ. ನಿಮ್ಮ ವಾದಕ್ಕಿಂತ ನಿಮ್ಮ ಗುಮಾಸ್ತರ ಗಂಟೇ ಗಟ್ಟಿ ಎಂದು ಒಬ್ಬ ನ್ಯಾಯಾಧೀಶರು ವಕೀಲರನ್ನು ರೇಗಿಸಿದ್ದುಂಟು. ವಕೀಲರ ಮಗಳು ಗುಬ್ಬಿ ಆರು ವರ್ಷದವಳಿದ್ದಾಗ ಆಫೀಸಿನ ಮೇಜಿನ ಕೆಳಗೆ ಕೂತು ಇದನ್ನು ಕಲಿತು, ಒಂದು ತಿಂಗಳು ಕಕ್ಷಿದಾರರ ಕೊಡೆ, ಚೀಲ, ಬೆಕ್ಕು ಯಾವುದನ್ನೂ ಬಿಟ್ಟಿರಲಿಲ್ಲ. ಪ್ರತಿ ಗಂಟಿಗೂ ಕತ್ತೆತ್ತಿ ನೋಡುವಳು, ಗುಮಾಸ್ತರು ಸರಿಯಿದೆ ಎಂದು ತಲೆಯಾಡಿಸಬೇಕು. ಈಗ ಅವಳು ದೂರದ ನಗರದಲ್ಲಿ ಟೀಚರು. ಸುದ್ದಿ ತಿಳಿದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದೆನೆಂದವಳು ಇನ್ನೂ ಸರಿಯಾಗಿ ಯಾರೊಂದಿಗೂ ಮಾತಾಡಿರಲಿಲ್ಲ.

"ಎಣಿಸಿದ್ದು ಸಾಕು," ಎಂಬ ದನಿ ಕೇಳಿ ತಿರುಗಿದರೆ ಶೆಡ್ಡಿನ ಬಾಗಿಲಲ್ಲಿ ವಕೀಲರ ಹೆಂಡತಿ ನಿಂತಿದ್ದರು. "ಅವರೇ ಕಿತ್ತಿದ್ದು."

ಆಕೆ ಒಳಗೆ ಬಂದು ಮಗುಚಿಟ್ಟ ಪೆಟ್ಟಿಗೆಯ ಮೇಲೆ ಕೂತು, ನೆಲ ನೋಡುತ್ತ ಹೇಳತೊಡಗಿದರು. ಎರಡು ತಿಂಗಳ ಹಿಂದೆ ವಕೀಲರ ಬಲಗೈಯ ಹೆಬ್ಬೆರಳು ಮತ್ತೆ ಅದರ ಪಕ್ಕದ ಎರಡು ಬೆರಳು ಜೋಮು ಹಿಡಿದವು. ಒಂದು ವಾರದಲ್ಲಿ ಸೂಜಿ ಚುಚ್ಚಿದರೂ ಗೊತ್ತಾಗದಂತೆ ಸತ್ತುಹೋದವು. ಯಾರಿಗೂ ತಿಳಿಯದಂತೆ ನಗರದ ಡಾಕ್ಟರಲ್ಲಿಗೆ ಹೋಗಿ ಬಂದರು. ನರದ ತೊಂದರೆ, ಸರಿಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ ಎಂದರಂತೆ. ಅಂದಿನಿಂದ ಅಂಗಿಯ ಗುಂಡಿ ಹಾಕುವುದು, ಬೂಟಿನ ಲೇಸು ಕಟ್ಟುವುದು ಎಲ್ಲ ಆಕೆಯ ಕೆಲಸ. ಪೆನ್ನು ಹಿಡಿಯಲಾಗದ ಶಾಸಕನಿಗೆ ಯಾರು ಓಟು ಹಾಕುತ್ತಾರೆ ಎಂದು ಹೇಳಿ, ಯಾರಿಗೂ ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿಸಿಕೊಂಡಿದ್ದರು.

ಗುಮಾಸ್ತರಿಗೆ ಒಂದೊಂದೇ ನೆನಪಾಯಿತು. ಎರಡು ತಿಂಗಳಿಂದ ವಕೀಲರು ಪತ್ರಗಳನ್ನೆಲ್ಲ "ಸೀಲ್ ಹೊಡೆದು ಕಳಿಸಿಬಿಡಿ" ಅನ್ನುತ್ತಿದ್ದುದು, ಮಾತಾಡುವಾಗ ಬಲಗೈಯನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದುದು. ಅಧಿಕಾರ ಬಂದು ಮೈಗಳ್ಳರಾದರು ಎಂದು ಇವರು ಒಳಗೊಳಗೇ ಬೈದುಕೊಂಡಿದ್ದರು.

ತೊಟ್ಟಿಲ್ಲದ ಹಣ್ಣು ನೋಡಿ ಮೇಸ್ತ್ರಿ ಮಾತ್ರ ಗುಟ್ಟು ಕಂಡುಹಿಡಿದನಂತೆ. ಇನ್ನು ಮರ ಹತ್ತಬೇಡಿ ಎಂದು ಏಣಿಯನ್ನೇ ಬಚ್ಚಿಟ್ಟನಂತೆ. ಜಗಳ ಆದದ್ದು ಅದಕ್ಕೆ. ಕೊನೆಗೆ ಅವನ ಕೈಲೂ ಆಣೆ ಹಾಕಿಸಿದ್ದರು.

"ಶುಕ್ರವಾರ ಸಾಯಂಕಾಲ ನಾನು ಅಕ್ಕನ ಮನೆಗೆ ಹೋದೆ," ಎಂದರು ಆಕೆ. "ನಾಳೆ ತೋಟಕ್ಕೆ ಇಳೀಬೇಡಿ, ಚಪ್ಪಲಿ ಹಾಕ್ಕೊಂಡು ಮನೇಲೇ ಇರಿ, ಮಧ್ಯಾಹ್ನ ಬರ್ತೀನಿ ಅಂದೆ. ಹೂಂ ಅಂದ್ರು."

ಸೆರಗಿನ ಮರೆಯಿಂದ ಮಡಚಿದ ಚೀಟಿಯೊಂದನ್ನು ತೆಗೆದು ಕೊಟ್ಟರು. ಡಾಕ್ಟರ ಚೀಟಿ. ಯಾವ ಬೆರಳು, ಎಷ್ಟು ಸತ್ತಿದೆ, ಎಲ್ಲ ಬರೆದಿತ್ತು.

"ನನ್ನ ಬಾಯಿ ಅವರಿಗೆ ಮಾತು ಕೊಟ್ಟಿತ್ತು. ನಿಮ್ಮ ಹತ್ರ ಆಡಿದ್ದಾಯ್ತು, ಪೊಲೀಸರ ಮುಂದೆ ಮಾತ್ರ ಬರಲ್ಲ. ಈ ಚೀಟಿ ಯಾರಿಗೂ ಮಾತು ಕೊಟ್ಟಿಲ್ಲ, ತಗೊಂಡು ಹೋಗಿ."

ಹಾಗಾದರೆ ಯಾರೂ ಯಾರನ್ನೂ ತಳ್ಳಿಲ್ಲ. ಹಿಡಿತ ತಪ್ಪಿ ಬಿದ್ದಿದ್ದಾರೆ, ಅಷ್ಟೇ. ಮೇಸ್ತ್ರಿ ಬದುಕಿಕೊಂಡ. ಗುಮಾಸ್ತರಿಗೆ ಸಮಾಧಾನ ಆಗಬೇಕಿತ್ತು. ಏನೂ ಆಗಲಿಲ್ಲ. ಇಳಿಜಾರು ಇಳಿದು ಪೇಟೆಯ ರಸ್ತೆಗೆ ಬರುವಷ್ಟರಲ್ಲಿ ಚೀಟಿಯ ಮೇಲಿದ್ದ ತಾರೀಕು ತಲೆಯೊಳಗೆ ಕೂತಿತು. ಹೋದ ತಿಂಗಳ ಮೂರನೇ ತಾರೀಕು.

ವಕೀಲರ ಉಯಿಲಿನ ಮೇಲಿದ್ದುದು ಅದೇ ತಿಂಗಳ ಇಪ್ಪತ್ತು.

ಆಫೀಸು ಗಡಿಯಾರ ರಿಪೇರಿ ಅಂಗಡಿಯ ಮಾಳಿಗೆಯಲ್ಲಿತ್ತು. ಹತ್ತೊಂಬತ್ತು ಮೆಟ್ಟಿಲು. ಮೇಲೆ ವಕೀಲರ ಕುರ್ಚಿಯಲ್ಲಿ ಅವರ ತಮ್ಮ ಕೂತು ಚುನಾವಣೆಯ ಕರಪತ್ರ ತಿದ್ದುತ್ತಿದ್ದ. ಅಣ್ಣನ ಜಾಗಕ್ಕೆ ತಾನೇ ನಿಲ್ಲುವುದೆಂದು ಮೂರನೇ ದಿನವೇ ತೀರ್ಮಾನವಾಗಿತ್ತು.

ಗುಮಾಸ್ತರು ಬೀರು ತೆಗೆದು, ಉಯಿಲಿನ ಕಡತ ಬಿಚ್ಚಿ, ಕೊನೆಯ ಹಾಳೆ ನೋಡಿದರು. ತೋಟವೆಲ್ಲ ತಮ್ಮನಿಗೆ ಎಂದಿತ್ತು. ಕೆಳಗೆ ವಕೀಲರ ಸಹಿ, ಕೊನೆಯಕ್ಷರಕ್ಕೆ ಎಂದಿನ ಉದ್ದನೆಯ ಬಾಲ, ಎಲ್ಲೂ ನಡುಕವಿಲ್ಲ. ಅದರ ಕೆಳಗೆ, "ನನ್ನ ಸಮಕ್ಷಮದಲ್ಲಿ ಸಹಿ ಮಾಡಿದ್ದಾರೆ" ಎಂಬ ಸಾಲು, ಮತ್ತೆ ಸಾಕ್ಷಿಯಾಗಿ ಗುಮಾಸ್ತರ ಸ್ವಂತ ಸಹಿ. ಎರಡನೇ ಸಾಕ್ಷಿ ತಮ್ಮನ ಡ್ರೈವರು.

ಆ ದಿನ ನೆನಪಿತ್ತು. ಊಟ ಮಾಡುತ್ತಿದ್ದರು. ತಮ್ಮ ಒಳಗಿನ ಕೋಣೆಯಿಂದ ಹಾಳೆ ತಂದು, ಅಣ್ಣ ಹಾಕಿದಾರೆ, ನೀವು ಇಲ್ಲಿ ಹಾಕಿ ಎಂದಿದ್ದ. ಇವರು ಕೈ ತೊಳೆದು ಬಂದು ಹಾಕಿದರು. ವಕೀಲರು ಒಳಗೆ ಸಹಿ ಮಾಡುವುದು, ಕಾಗದ ಹೊರಗೆ ಬರುವುದು, ಗುಮಾಸ್ತರು ಹೊರಗೆ ಕೂತು "ನನ್ನ ಸಮಕ್ಷಮದಲ್ಲಿ" ಎಂದು ಸಹಿ ಹಾಕುವುದು, ಈ ಆಫೀಸಿನಲ್ಲಿ ಮೂವತ್ತೊಂದು ವರ್ಷದಿಂದ ನಡೆದು ಬಂದ ಪದ್ಧತಿ. ಯಾರೂ ಅದನ್ನು ಸುಳ್ಳು ಎಂದುಕೊಂಡಿರಲಿಲ್ಲ, ನಂಬಿಕೆ ಎಂದುಕೊಂಡಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಇವರು ಕಂಡೂ ಇರಲಿಲ್ಲ, ಪ್ರಮಾಣಿಸಿಯೂ ಇರಲಿಲ್ಲ.

ಡಾಕ್ಟರ ಚೀಟಿಯನ್ನು ಕರಪತ್ರದ ಮೇಲೆ ಇಟ್ಟರು. ತಮ್ಮ ಓದಿದ. ಮುಖದಲ್ಲಿ ಬಣ್ಣ ಬದಲಾಗಲಿಲ್ಲ, ಪೆನ್ನು ಮಾತ್ರ ಕೆಳಗಿಟ್ಟ.

"ಈ ಸಹಿ ಯಾರದು?" ಎಂದು ಕೇಳಿದರು ಗುಮಾಸ್ತರು.

"ಅಣ್ಣ ಬಾಯಲ್ಲಿ ಹೇಳಿದ್ದನ್ನೇ ಬರೆಸಿದ್ದು."

"ನಾನು ಕೇಳಿದ್ದು ಸಹಿ."

ತಮ್ಮ ಕುರ್ಚಿಗೆ ಒರಗಿದ. ಶನಿವಾರ ತಾನು ರಾಜಧಾನಿಯಲ್ಲಿ ಪಕ್ಷದ ಸಭೆಯಲ್ಲಿದ್ದೆ, ಮುನ್ನೂರು ಜನ ನೋಡಿದ್ದಾರೆ, ಪತ್ರಿಕೆಯಲ್ಲಿ ಫೋಟೋ ಬಂದಿದೆ ಎಂದ. ಅದು ನಿಜ, ಗುಮಾಸ್ತರೇ ಆ ಫೋಟೋ ಕತ್ತರಿಸಿ ಅಂಟಿಸಿದ್ದರು. ತಾನು ಯಾರ ಕೂದಲನ್ನೂ ಕೊಂಕಿಸಿಲ್ಲ, ಒಂದು ಕಾಗದ ಬರೆಸಿದ್ದೇನೆ ಅಷ್ಟೇ ಎಂದ. ಆಮೇಲೆ ದನಿ ತಗ್ಗಿಸಿದ.

"ಈ ಚೀಟಿ ಹೊರಗೆ ಬಂದ್ರೆ ಉಯಿಲು ಬಿತ್ತು, ಸರಿ. ಆದ್ರೆ ಮೊದಲನೇ ಪ್ರಶ್ನೆ ನಿಮಗೇ ಕೇಳ್ತಾರೆ. ಅವರು ಸಹಿ ಮಾಡಿದ್ದನ್ನ ನೋಡ್ದೆ ಅಂತ ಬರೆದಿದೀರಲ್ಲ, ಏನು ನೋಡಿದ್ರಿ?"

"ಕಾಗದ ನೋಡ್ದೆ."

"ಮೂವತ್ತೊಂದು ವರ್ಷ ಹೀಗೇ ಹಾಕಿದೀರಿ. ಎಷ್ಟು ಕಾಗದ ಬೀಳುತ್ತೆ ಗೊತ್ತಾ? ಅಣ್ಣನ ಹೆಸರು ಮಣ್ಣುಪಾಲು, ನೀವು ಜೈಲು ಪಾಲು. ಮೇಸ್ತ್ರಿಗೆ ಒಳ್ಳೆ ವಕೀಲರನ್ನ ಇಡೋಣ. ಎರಡು ವರ್ಷದಲ್ಲಿ ಬಂದುಬಿಡ್ತಾನೆ."

ಗೋಡೆಯ ಗಡಿಯಾರದಲ್ಲಿ ಒಂದೂ ಮುಕ್ಕಾಲು. ಕೆಳಗಿನ ಅಂಗಡಿಯಲ್ಲಿ ಯಾವುದೋ ಅಲಾರಾಂ ಹೊಡೆದುಕೊಂಡು ನಿಂತಿತು. ಗುಮಾಸ್ತರಿಗೆ ಭಯವಾಗಬೇಕಿತ್ತು. ಅತ್ತ ದರಿ ಇತ್ತ ಪುಲಿ ಎಂದು ತಮಗೇ ಹೇಳಿಕೊಂಡು ನೋಡಿದರು. ದರಿಯೂ ಕಾಣಲಿಲ್ಲ, ಪುಲಿಯೂ ಕಾಣಲಿಲ್ಲ. ಸ್ಟೇಷನ್ನಿನ ಸಿಮೆಂಟು ನೆಲದ ಮೇಲೆ ಮೊಣಕಾಲು ಮಡಚಿ ಕೂತ ಮೇಸ್ತ್ರಿ ಒಬ್ಬನೇ ಕಂಡ.

"ಅವನು ಮಾತು ಕೊಟ್ಟು ಒಳಗಿದಾನೆ," ಎಂದರು. "ನಾನು ನೋಡದೆ ಸಹಿ ಕೊಟ್ಟು ಹೊರಗಿದೀನಿ. ಇದು ಸರಿ ಇಲ್ಲ."

ಚೀಟಿಯನ್ನೂ ಉಯಿಲನ್ನೂ ಒಟ್ಟಿಗೆ ಎತ್ತಿಕೊಂಡು ಹತ್ತೊಂಬತ್ತು ಮೆಟ್ಟಿಲು ಇಳಿದರು. ತಮ್ಮ ತಡೆಯಲಿಲ್ಲ. ಇವರು ಮೆಟ್ಟಿಲಿಂದಲೇ ವಾಪಸು ಬರುತ್ತಾರೆ ಎಂದುಕೊಂಡಿದ್ದನೋ ಏನೋ.

ಸ್ಟೇಷನ್ನಿನ ಹೊರಗೆ ಬೆಂಚಿನ ಮೇಲೆ ಗುಬ್ಬಿ ಕೂತಿದ್ದಳು. ಮಡಿಲಲ್ಲಿ ಒಂದು ಬಟ್ಟೆಯ ಗಂಟು, ಮೇಸ್ತ್ರಿಗೆ ಒಗೆದ ಅಂಗಿ ತಂದಿದ್ದಳಂತೆ. ಮೂವತ್ತು ದಾಟಿದ ಹೆಂಗಸು, ಆರು ದಿನದಲ್ಲಿ ಹತ್ತು ವರ್ಷ ದೊಡ್ಡವಳಾದಂತೆ ಕಾಣುತ್ತಿದ್ದಳು.

"ಬಿಡ್ತಾರಾ ಮಾಮ?"

"ಬಿಡ್ತಾರೆ. ನಿನ್ನಪ್ಪ ತಾನಾಗೇ ಬಿದ್ದಿದ್ದು ಕಣವ್ವ."

ಅವಳು ಅಂಗಿಯ ಗಂಟನ್ನು ಎದೆಗೆ ಒತ್ತಿಕೊಂಡಳು. ಹೊತ್ತಾಗುತ್ತಿತ್ತು, ಗುಮಾಸ್ತರು ಒಳಗೆ ನಡೆದರು.

ಇನ್‌ಸ್ಪೆಕ್ಟರ್ ಒಳ್ಳೆಯ ಕೇಳುಗ. ಮೂವತ್ತೊಂದು ವರ್ಷದ ಪದ್ಧತಿಯಿಂದ ಹಿಡಿದು ಊಟದ ಕೈ ತೊಳೆದದ್ದರವರೆಗೆ ಎಲ್ಲವನ್ನೂ ತಮ್ಮ ಕೈಯಾರೆ ಬರೆದುಕೊಂಡರು. ಹೆಂಡತಿ ಹೇಳಿದ್ದನ್ನೂ ಗುಮಾಸ್ತರು ಒಂದೂ ಬಿಡದೆ ಬರೆಸಿದರು: ಗುಂಡಿ, ಲೇಸು, ಬಚ್ಚಿಟ್ಟ ಏಣಿ, ಶುಕ್ರವಾರ ಅಕ್ಕನ ಮನೆಗೆ ಹೋದದ್ದು. ಡಾಕ್ಟರಿಗೆ ಫೋನು ಮಾಡಿ ಖಚಿತ ಮಾಡಿಕೊಂಡದ್ದೂ ಆಯಿತು. ಕೊನೆಗೆ ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲನ್ನು ಕರೆದು, ಮೇಸ್ತ್ರಿಯನ್ನು ಕೋರ್ಟಿಗೆ ಒಯ್ಯುವುದು ಬೇಡ, ಬಿಟ್ಟು ಕಳಿಸಿ ಎಂದರು.

"ಉಯಿಲಿನ ವಿಷಯ ಬೇರೆ," ಎಂದರು ಗುಮಾಸ್ತರಿಗೆ. "ಅದಕ್ಕೆ ನಿಮ್ಮನ್ನ ಕರೀಬೇಕಾಗುತ್ತೆ."

"ಬರ್ತೀನಿ ಸಾರ್."

ಬರೆದ ಹಾಳೆಗಳು ಮೇಜಿನ ಮೇಲೆ ಚೆದುರಿದ್ದವು. ಗುಮಾಸ್ತರ ಕೈ ತಾನಾಗಿ ಅವನ್ನು ಜೋಡಿಸಿ, ಅಂಚು ತಟ್ಟಿ, ದಾರ ಸುತ್ತಿ ಗಂಟು ಹಾಕಿತು. ಇನ್‌ಸ್ಪೆಕ್ಟರ್ ಮೂಲೆಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದು ತಂದರು. ಕೊಲೆಯೇ ಇಲ್ಲವೆಂದ ಮೇಲೆ ವಕೀಲರ ಸಾಮಾನುಗಳನ್ನು ಮನೆಗೆ ಒಪ್ಪಿಸಬೇಕಿತ್ತು. ಕೈಗಡಿಯಾರ, ಕನ್ನಡಕ, ಅಂಗಿ, ಒಂದು ಜೊತೆ ಬೂಟು.

ಆಸ್ಪತ್ರೆಯವರು ಊದಿದ ಕಾಲಿನಿಂದ ಬೂಟುಗಳನ್ನು ಪಕ್ಕದಲ್ಲಿ ಕತ್ತರಿಸಿ ತೆಗೆದಿದ್ದರು. ಲೇಸುಗಳು ಕಟ್ಟಿದ್ದು ಕಟ್ಟಿದಂತೆಯೇ ಇದ್ದವು.

ಒಂದು ಕುಣಿಕೆ. ಬಾಲ ಎರಡು ಸಲ ಕೆಳಗಿನಿಂದ ತೂರಿ, ಚಪ್ಪಟೆಯಾಗಿ ಒತ್ತಿದ್ದು.

ಗುಮಾಸ್ತರು ನೋಡಿದರು. ನೋಡಿಯೇ ಇದ್ದರು. ಇನ್‌ಸ್ಪೆಕ್ಟರ್ ಇವರ ಮುಖ ನೋಡಿ, ಬೂಟು ನೋಡಿ, ಆಮೇಲೆ ಮೇಜಿನ ಮೇಲಿದ್ದ ಹಾಳೆಯ ಕಟ್ಟು ನೋಡಿದರು. ಬೂಟನ್ನೆತ್ತಿ ಕಟ್ಟಿನ ಪಕ್ಕದಲ್ಲೇ ಇಟ್ಟರು.

"ಹೆಂಡತಿ ಶುಕ್ರವಾರವೇ ಊರು ಬಿಟ್ಟಿದ್ರು. ವಕೀಲರ ಕೈಲಿ ಲೇಸು ಕಟ್ಟೋಕಾಗ್ತಿರ್ಲಿಲ್ಲ. ಎರಡೂ ನೀವೇ ಬರೆಸಿದ್ದು," ಎಂದರು ನಿಧಾನವಾಗಿ. "ಅಂದ್ರೆ ಶನಿವಾರ ಬೆಳಿಗ್ಗೆ ಯಾರೋ ಬಗ್ಗಿ ಕೂತು ಇದನ್ನ ಕಟ್ಟಿದಾರೆ. ನೀವೆಲ್ಲಿದ್ರಿ?"

"ಮನೇಲಿ."

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ನಾನು ಒಂಟಿ."

"ಈ ಗಂಟು ಇನ್ಯಾರಿಗೆ ಬರುತ್ತೆ?"

"ನನ್ನ ಬಿಟ್ರೆ ಯಾರಿಗೂ ಬರಲ್ಲ," ಎಂದುಬಿಟ್ಟರು ಗುಮಾಸ್ತರು. ಯೋಚಿಸಿ ಹೇಳಿದ್ದಲ್ಲ. ಮಗು ಬೀಳುವಾಗ ಕೈ ಚಾಚಿದ ಹಾಗೆ ಮಾತು ಬಂದುಬಿಟ್ಟಿತ್ತು.

ಇನ್‌ಸ್ಪೆಕ್ಟರ್ ಅದನ್ನು ಹೊಸ ಹಾಳೆಯ ಮೇಲೆ ಬರೆದು, ತಿರುಗಿಸಿ ಇವರ ಮುಂದೆ ತಳ್ಳಿ, ಸಹಿ ಮಾಡಿ ಎಂದರು.

ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದರು. ಎರಡೇ ಸಾಲು. ಸಹಿ ಹಾಕುವ ಮುಂಚೆ ಪೂರ್ತಿ ಓದಿದರು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಇನ್ನೊಮ್ಮೆ ಓದಿದರು. ಕಿಟಕಿಯಾಚೆ ಮೇಸ್ತ್ರಿ ಅಂಗಳಕ್ಕೆ ಇಳಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ. ಗುಬ್ಬಿ ಅವನ ಹತ್ತಿರ ಹೋಗದೆ ಬೆಂಚಿನ ಪಕ್ಕದಲ್ಲೇ ಎದ್ದು ನಿಂತಿದ್ದಳು. ಅವಳ ಕಣ್ಣು ಕಿಟಕಿಯೊಳಗೆ, ಮೇಜಿನ ಮೇಲೆ ಕಡತದ ಪಕ್ಕದಲ್ಲಿದ್ದ ಬೂಟಿನ ಮೇಲಿತ್ತು.

ಶನಿವಾರ ಬೆಳಿಗ್ಗೆಯಿಂದ ಬಾರದಿದ್ದ ಅಳು ಗುಮಾಸ್ತರಿಗೆ ಈಗ ಬಂತು. ಪೆನ್ನಿನ ಮುಚ್ಚಳ ಹಾಕಿದರು.

"ಇದು ನಿಜ ಅಲ್ಲ ಸಾರ್. ಇನ್ನೊಬ್ರಿಗೆ ಬರುತ್ತೆ."

"ಯಾರಿಗೆ?"

ಗುಮಾಸ್ತರು ಕಿಟಕಿಯ ಕಡೆ ಕತ್ತೆತ್ತಿದರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದೆ ಎಂದಿದ್ದ ಗುಬ್ಬಿ ಅವರನ್ನೇ ನೋಡುತ್ತಿದ್ದಳು. ಈ ಸಲ ಸರಿಯಿದೆ ಎಂದು ತಲೆಯಾಡಿಸಿದವಳು ಅವಳು.